ಜೋಳದ ರೊಟ್ಟಿ: ಎಲ್ಲಿಯ ಕಾಳು, ಯಾರ ಕೈ?

ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕು. ಹತ್ತು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಸೊಲ್ಲಾಪುರದ ಸಹೋದ್ಯೋಗಿಯೊಬ್ಬರು ‘ನಿಮ್ಮ ರೊಟ್ಟಿ ನಮ್ಮ ಭಾಕರಿಯ ನಕಲು’ ಎಂದು ಕೆಣಕುತ್ತಿರುತ್ತಾರೆ. ಜೋಳದ ರೊಟ್ಟಿ ನಿಜವಾಗಿ ಎಲ್ಲಿಯದು, ಎಷ್ಟು ಹಳೆಯದು? ಅಜ್ಜಿ ಬಡವರ ಊಟ ಎನ್ನುತ್ತಿದ್ದ ರೊಟ್ಟಿಗೆ ಇಲ್ಲಿಯ ಹೋಟೆಲ್‌ಗಳಲ್ಲಿ ಇಷ್ಟು ಬೇಡಿಕೆ ಬಂದದ್ದು ಹೇಗೆ? ಕೊನೆಗೊಂದು ಚಿಕ್ಕ ಪ್ರಶ್ನೆ: ಊರಿನಿಂದ ತಂದ ಹಿಟ್ಟಿನಲ್ಲೇ ಮಾಡಿದರೂ ನನ್ನ ರೊಟ್ಟಿ ಅಂಚಿನಲ್ಲಿ ಹರಿಯುವುದು ಏಕೆ?

ಉತ್ತರ: ನಿಮ್ಮ ಚಿಕ್ಕ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ದೊಡ್ಡ ಪ್ರಶ್ನೆಗಳ ಬೀಗದ ಕೈ ಅದರಲ್ಲೇ ಇದೆ.

ಗೋಧಿ ಹಿಟ್ಟಿಗೆ ತಣ್ಣೀರು ಹಾಕಿ ನಾದಿದರೆ ಸಾಕು, ಅದರೊಳಗಿನ ಗ್ಲುಟೆನ್ ಎಂಬ ಪ್ರೋಟೀನು ಬಲೆಯಂತೆ ಹೆಣೆದುಕೊಂಡು ಉಂಡೆಯನ್ನು ಹಿಡಿದುಕೊಳ್ಳುತ್ತದೆ. ಲಟ್ಟಣಿಗೆ ಎಳೆದತ್ತ ಬರುತ್ತದೆ. ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಒದ್ದೆ ಮರಳಿದ್ದ ಹಾಗೆ: ಮುಷ್ಟಿಯಲ್ಲಿ ಹಿಡಿದಾಗ ಉಂಡೆ, ಬಿಟ್ಟಾಗ ಪುಡಿ. ಅದಕ್ಕೇ ಕುದಿಯುವ ಎಸರು ಬೇಕು. ಬಿಸಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಹಿಟ್ಟಿನ ಪಿಷ್ಟ ನೀರು ಕುಡಿದು ಉಬ್ಬಿ ಗಂಜಿಯಂತಾಗುತ್ತದೆ. ಆ ಗಂಜಿಯೇ ಉಳಿದ ಹಿಟ್ಟಿಗೆ ಅಂಟು. ನಮ್ಮ ಕಡೆಯ ಹೆಂಗಸರು ಇದಕ್ಕೆ ‘ಜಿಗಿ’ ಎನ್ನುತ್ತಾರೆ. ಹಿಟ್ಟಿಗೆ ಜಿಗಿ ಇದೆಯೇ ಇಲ್ಲವೇ ಎನ್ನುವುದನ್ನು ಅವರು ಮೊದಲ ಉಂಡೆ ಕೈಗೆ ಬಂದಾಗಲೇ ಹೇಳಿಬಿಡುತ್ತಾರೆ. ಒಣಬೇಸಾಯದ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನನಗೆ ಅಷ್ಟು ಬೇಗ ಹೇಳುವುದು ಇಂದಿಗೂ ಆಗುವುದಿಲ್ಲ.

ನಮ್ಮ ಅವ್ವ ರೊಟ್ಟಿ ಮಾಡುವಾಗ ಪರಾತದಲ್ಲಿ ಹಿಟ್ಟು ಗುಡ್ಡೆ ಹಾಕಿ, ನಡುವೆ ಕುಣಿ ತೋಡಿ, ಎಸರು ಸುರಿಯುತ್ತಿದ್ದಳು. ಸ್ವಲ್ಪ ಹೊತ್ತು ಚಮಚದಿಂದ ಕೂಡಿಸಿ, ಕೈ ತಾಳುವಷ್ಟು ಆರಿದ ಕೂಡಲೇ ನಾದಲು ಹಿಡಿಯುತ್ತಿದ್ದಳು. ಒಂದೇ ಸಲಕ್ಕೆ ಹತ್ತು ರೊಟ್ಟಿಯ ಹಿಟ್ಟನ್ನು ನಾದಿಡುತ್ತಿರಲಿಲ್ಲ. ಒಂದು ಹಂಚಿನ ಮೇಲಿರುವಾಗ ಮುಂದಿನದರಷ್ಟನ್ನೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ಮತ್ತೆ ಮೆತ್ತಗೆ ಮಾಡಿಕೊಳ್ಳುತ್ತಿದ್ದಳು. ಬಡಿಯುವಾಗ ಬಲಗೈ ಬೀಳುತ್ತಿತ್ತು, ಎಡಗೈ ಬೆರಳುಗಳು ಅಂಚನ್ನು ಕಾಯುತ್ತ ರೊಟ್ಟಿಯನ್ನು ತಿರುಗಿಸುತ್ತಿದ್ದವು. ಕೆಳಗೆ ಒಣಹಿಟ್ಟು, ಮೇಲೆ ಏನೂ ಇಲ್ಲ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೈ ಸವರುತ್ತಿದ್ದಳು. ಆ ನೀರು ಆರುವುದಕ್ಕೂ ತಿರುವಿ ಹಾಕುವುದಕ್ಕೂ ಒಂದೇ ಗಳಿಗೆ. ಮುಂಚೆ ತಿರುವಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಸೀಳುತ್ತದೆ. ಕೊನೆಗೆ ಒಲೆಯ ಕೆಂಡಕ್ಕೆ ಆನಿಸಿದಾಗ ಒಳಗಿನ ಉಗಿ ಎರಡು ಪದರವನ್ನು ಬೇರೆ ಮಾಡಿ ರೊಟ್ಟಿ ಉಬ್ಬಿ ನಿಲ್ಲುತ್ತಿತ್ತು. ಈ ಕೆಲಸಕ್ಕೆ ಅಳತೆ ಇಲ್ಲ, ಬರೆದಿಟ್ಟ ವಿಧಾನವೂ ಇಲ್ಲ. ರೊಟ್ಟಿಯ ಮೂಲ ಹುಡುಕುವವರಿಗೆ ಇದೇ ಮೊದಲ ತೊಡಕು. ಕಾಳಿನ ಗುರುತು ಮಣ್ಣಿನಲ್ಲಿ ಸಿಗುತ್ತದೆ, ಕೈಯ ಗುರುತು ಸಿಗುವುದಿಲ್ಲ.

ಕಾಳಿನ ಮಟ್ಟಿಗೆ ಹೇಳುವುದಾದರೆ ನೀವೂ ಸೋತಿರಿ, ಸೊಲ್ಲಾಪುರದವರೂ ಸೋತರು. ಜೋಳ ಹುಟ್ಟಿದ್ದು ಆಫ್ರಿಕದಲ್ಲಿ. ಪೂರ್ವ ಸುಡಾನಿನ ಬಯಲಿನಲ್ಲಿ ಕ್ರಿ.ಪೂ. 3000ಕ್ಕೂ ಹಿಂದಿನ ಮಡಕೆ ಚೂರುಗಳ ಮೇಲೆ, ಕಾಡುಜೋಳ ಸಾಕುಜೋಳವಾಗಿ ಬದಲಾಗುತ್ತಿದ್ದ ಹಂತದ ತೆನೆಗಳ ಅಚ್ಚು ಸಿಕ್ಕಿದೆ. ಅಲ್ಲಿಂದ ಅರಬ್ಬಿ ಸಮುದ್ರದ ಆಚೀಚೆಯ ಸಂಪರ್ಕದಿಂದ ಅದು ಭಾರತದ ಪಶ್ಚಿಮ ಭಾಗಕ್ಕೆ ಬಂದು ಹೆಚ್ಚುಕಡಿಮೆ 4000 ವರ್ಷ ಆಯಿತು. ಅದಕ್ಕಿಂತ ಮೊದಲು ನಮ್ಮ ಕೃಷ್ಣಾ-ತುಂಗಭದ್ರಾ ಬಯಲಿನಲ್ಲಿ ದನ ಕಾಯುತ್ತಿದ್ದ, ಬೂದಿದಿಬ್ಬಗಳನ್ನು ಬಿಟ್ಟುಹೋದ ನವಶಿಲಾಯುಗದ ಜನ ಬೆಳೆದದ್ದು ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು. ‘ನಮ್ಮ ಮೂಲ ಊಟ’ ಬೇಕೇ ಬೇಕೆಂದು ಹಟ ಹಿಡಿದರೆ ಕೊರಲೆ ಅನ್ನ, ಹುರುಳಿ ಕಟ್ಟಿನ ಸಾರಿಗೆ ಹೋಗಬೇಕಾಗುತ್ತದೆ.

ಆದರೆ ಬಂದ ಕಾಳು ಎಷ್ಟು ಒಗ್ಗಿತೆಂದರೆ, ಸಾವಿರ ವರ್ಷಗಳ ಹಿಂದಿನ ಕನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತು ಬೇರೂರಿತ್ತು. ಒಡೆಯನ ಅನ್ನ ಉಂಡ ಯೋಧನ ಮೇಲಿರುವ ಋಣ ಎಂದು ಅದರ ಅರ್ಥ. ‘ಉಪ್ಪಿನ ಋಣ’ ಎಂದು ಇಂದು ನಾವು ಹೇಳುವ ಕಡೆ ಅವರು ಜೋಳದ ಋಣ ಎಂದರು. ಯುದ್ಧಭೂಮಿಯಲ್ಲಿ ಪ್ರಾಣ ಕೊಡುವವನ ಬಾಯಲ್ಲಿ ಅಕ್ಕಿಯೂ ಬರಲಿಲ್ಲ, ಗೋಧಿಯೂ ಬರಲಿಲ್ಲ.

ಜೋಳವಿತ್ತು ಎಂದ ಮಾತ್ರಕ್ಕೆ ರೊಟ್ಟಿ ಇತ್ತೆಂದಲ್ಲ. ರೊಟ್ಟಿಗೆ ನುಣ್ಣನೆಯ ಹಿಟ್ಟು ಬೇಕು, ದಿನಾ ನುಣ್ಣನೆಯ ಹಿಟ್ಟಿಗೆ ತಿರುಗುವ ಬೀಸುವ ಕಲ್ಲು ಬೇಕು. ಅಂಥ ಕಲ್ಲುಗಳು ದಕ್ಖನ್ನಿನ ನೆಲೆಗಳಲ್ಲಿ ಕಾಣತೊಡಗುವುದು ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ. ಅದಕ್ಕೂ ಮೊದಲು ಜೋಳವನ್ನು ಕುಟ್ಟಿ, ಒಡೆದು, ಕುದಿಸಿ ಉಂಡಿರಬೇಕು: ನುಚ್ಚು, ಸಂಗಟಿ, ಅಂಬಲಿ. ಶರಣರ ಕತೆಯಲ್ಲಿ ಶಿವ ಬಂದು ಸವಿದದ್ದು ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಎಂಬುದನ್ನು ನೆನಪಿಸಿಕೊಳ್ಳಿ. ನುಚ್ಚು ಮಜ್ಜಿಗೆ ರೊಟ್ಟಿಗಿಂತ ಹಿರಿಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಲ್ಲಿಲ್ಲದ ಅಜ್ಜನೂ ಹಾಲು ಬಿಟ್ಟ ಕೂಸೂ ಅದನ್ನೇ ಉಣ್ಣುತ್ತಾರೆ. ‘ರೊಟ್ಟಿ’ ಎಂಬ ಹೆಸರೂ ಅಚ್ಚ ಕನ್ನಡದ್ದಲ್ಲ. ಪ್ರಾಕೃತದಲ್ಲಿ ‘ರೊಟ್ಟ’ ಎಂದರೆ ಹಿಟ್ಟು. ಅದೇ ಮಾತು ಹಿಂದಿಯಲ್ಲಿ ರೋಟಿ ಆಯಿತು, ನಮ್ಮಲ್ಲಿ ರೊಟ್ಟಿ ಆಯಿತು.

ಇನ್ನು ಭಾಕರಿಯ ಜಗಳ. ಸೊಲ್ಲಾಪುರಕ್ಕೂ ವಿಜಯಪುರಕ್ಕೂ ನಡುವೆ ಇರುವುದು ನೂರು ಕಿಲೋಮೀಟರ್ ದಾರಿ, ಒಂದು ಭೀಮಾ ನದಿ. ಎರಡೂ ಕಡೆ ಅದೇ ಎರೆಮಣ್ಣು, ಅದೇ ಮಳೆ. 1956ರವರೆಗೆ ಎರಡೂ ಜಿಲ್ಲೆಗಳು ಒಂದೇ ಮುಂಬೈ ಆಡಳಿತದಲ್ಲಿದ್ದವು. ನಾವು ಉಣ್ಣುವ ಬಿಳಿಜೋಳದ ತಳಿಯಂತೂ ಗಡಿ ನೋಡಿ ಬೆಳೆದದ್ದಲ್ಲ. ಮಾಲದಂಡಿ, ಕಾಗದದಲ್ಲಿ ಎಂ 35-1, ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಜೋಳದಿಂದಲೇ ಆರಿಸಿ ತೆಗೆದದ್ದು. ಅದೇ ದಶಕದಲ್ಲಿ ಸೊಲ್ಲಾಪುರದಲ್ಲೂ ನಮ್ಮ ವಿಜಯಪುರದಲ್ಲೂ ಒಣಬೇಸಾಯದ ಸಂಶೋಧನಾ ಕೇಂದ್ರಗಳು ಒಟ್ಟೊಟ್ಟಿಗೆ ಶುರುವಾದವು. ತೊಂಬತ್ತು ವರ್ಷ ಕಳೆದರೂ ರೊಟ್ಟಿಯ ರುಚಿಯಲ್ಲಿ ಮಾಲದಂಡಿಯನ್ನು ಮೀರಿಸುವ ಜೋಳ ಬಂದಿದೆ ಎಂದು ಒಪ್ಪುವ ರೈತ ನನಗೆ ಸಿಕ್ಕಿಲ್ಲ. ಹೊಸ ತಳಿ ತಂದುಕೊಟ್ಟವರ ಪೈಕಿ ನಾನೂ ಒಬ್ಬ. ‘ಇಳುವರಿ ಸರಿ ಸಾಹೇಬರೇ, ರೊಟ್ಟಿ?’ ಎಂದು ಕೇಳುತ್ತಿದ್ದರು. ಮಾರುವುದಕ್ಕೆ ನನ್ನ ಜೋಳ, ಮನೆಗೆ ಮಾಲದಂಡಿ. ಆದ್ದರಿಂದ ನಿಮ್ಮ ಸಹೋದ್ಯೋಗಿಗೆ ಹೇಳಿ: ಬೀಜ ಅವರದು, ಒಪ್ಪಿಕೊಂಡೆವು, ತೆಳ್ಳಗೆ ಬಡಿಯುವುದನ್ನು ಅವರು ಇನ್ನೂ ಕಲಿಯಬೇಕು. (ಇದು ವಿಜ್ಞಾನವಲ್ಲ, ವಿಜಯಪುರದವನ ಹಮ್ಮು.)

ಎರೆಮಣ್ಣಿನ ಮಾತು ಬಂತು. ವಿಜಯಪುರದಲ್ಲಿ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಹೊತ್ತಿಗೆ. ಅಷ್ಟರಲ್ಲಿ ಭತ್ತ ಕನಸಿನ ಮಾತು. ಆದರೆ ಆಳವಾದ ಎರೆ ಆ ಮಳೆಯನ್ನು ಸ್ಪಂಜಿನಂತೆ ಕುಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೆ ಬಿತ್ತಿದ ಹಿಂಗಾರಿ ಜೋಳ ಮುಂದೆ ಒಂದು ಹನಿ ಕಾಣದೆ, ಮಣ್ಣಿನ ಹಸಿ ಮತ್ತು ಚಳಿಗಾಲದ ಇಬ್ಬನಿಯ ಮೇಲೆ ತೆನೆ ಕಟ್ಟುತ್ತದೆ. ಕಾಳು ಬಲಿಯುವಾಗ ಮೇಲೆ ಮೋಡ ಇರುವುದಿಲ್ಲ, ಹಾಗಾಗಿ ಬೂಷ್ಟು ಹಿಡಿಯುವುದಿಲ್ಲ. ಮುತ್ತಿನಂಥ ಬಿಳುಪು ಬರುವುದು ಅಲ್ಲಿಂದ. ಮಳೆಗಾಲದಲ್ಲೇ ತೆನೆ ಕಟ್ಟುವ ಹೈಬ್ರಿಡ್ ಜೋಳದ ಕಾಳು ಕಪ್ಪಾಗುವುದೂ ರೊಟ್ಟಿ ಕಹಿಯಾಗುವುದೂ ಇದೇ ಕಾರಣದಿಂದ. ‘ಡೋಣಿ ಹರಿದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಡೋಣಿ ನದಿಯ ದಂಡೆಯ ಎರೆಹೊಲಗಳದು.

ಓಣಿಯೆಲ್ಲ ಜೋಳವಾದ ವರ್ಷ ಅದನ್ನು ಇಡುತ್ತಿದ್ದದ್ದು ನೆಲದೊಳಗೆ, ಹಗೇವಿನಲ್ಲಿ. ಬಾವಿಯಂತೆ ತೋಡಿ, ಸುತ್ತ ಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಕಲ್ಲು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. ಕಾಳಿನ ಉಸಿರಾಟವೇ ಒಳಗಿನ ಆಮ್ಲಜನಕವನ್ನು ಮುಗಿಸಿಬಿಡುತ್ತದೆ, ಹುಳ ಬದುಕುವುದು ಹೇಗೆ? ಮನುಷ್ಯನೂ ಬದುಕುವುದಿಲ್ಲ. ಬಾಯಿ ತೆರೆದು ಒಂದು ದಿನ ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. 1876-78ರ ಬರದಲ್ಲಿ, ಇಂದಿನ ಬಾಗಲಕೋಟೆ, ವಿಜಯಪುರಗಳು ಸೇರಿದ್ದ ಆಗಿನ ಕಲಾದಗಿ ಜಿಲ್ಲೆ ಹೆಣಗಳ ರಾಶಿಯಾದಾಗ, ಹಗೇವು ಇದ್ದವರು ಮತ್ತು ಇಲ್ಲದವರು ಎಂಬ ಎರಡೇ ಜಾತಿ ಉಳಿದಿದ್ದವು.

ನಿಮ್ಮ ಅಜ್ಜಿ ‘ಬಡವರ ಊಟ’ ಎಂದದ್ದು ಅರ್ಧ ಮಾತ್ರ ಸರಿ. ಶ್ರೀಮಂತನೂ ಅದನ್ನೇ ಉಣ್ಣುತ್ತಿದ್ದ. ಬಡತನ ಗೊತ್ತಾಗುತ್ತಿದ್ದದ್ದು ರೊಟ್ಟಿಯಿಂದಲ್ಲ, ರೊಟ್ಟಿಗೆ ಹಚ್ಚಿಕೊಳ್ಳುವುದರಿಂದ. ಬೆಣ್ಣೆ, ಎಣ್ಣೆಗಾಯಿ ಪಲ್ಯ, ಕಾಳು ಪಲ್ಯ ಇದ್ದ ಮನೆ ಒಂದು. ಬರೀ ಖಾರ, ಉಳ್ಳಾಗಡ್ಡಿ ಇದ್ದ ಮನೆ ಇನ್ನೊಂದು. ಇದು ರುಚಿಯ ಮಾತಷ್ಟೇ ಆಗಿರಲಿಲ್ಲ. ಜೋಳದಲ್ಲಿ ನೂರು ಗ್ರಾಮಿಗೆ ಹತ್ತು ಗ್ರಾಮಿನಷ್ಟು ಪ್ರೋಟೀನು ಇದ್ದರೂ ಆ ಪ್ರೋಟೀನಿನ ಘಟಕಗಳಲ್ಲಿ ಲೈಸಿನ್ ಕಡಿಮೆ, ಲ್ಯೂಸಿನ್ ವಿಪರೀತ. ದಕ್ಖನ್ನಿನಲ್ಲಿ ಜೋಳವನ್ನೇ ನಂಬಿದ್ದ ಕೂಲಿಕಾರರ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಗಿ ಸುಲಿಯುವ ಪೆಲಾಗ್ರ ರೋಗವನ್ನು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ಅಭ್ಯಾಸ ಮಾಡಿ, ಬರೀ ಜೋಳದ ಊಟಕ್ಕೂ ಅದಕ್ಕೂ ನಂಟಿದೆ ಎಂದು ತೋರಿಸಿದರು. ತೊಗರಿ, ಹೆಸರು, ಮಜ್ಜಿಗೆ ಜೊತೆಗಿದ್ದರೆ ಆ ಕೊರತೆ ತುಂಬುತ್ತದೆ. ಪೆಲಾಗ್ರ ಬರುವುದು ನಯಾಸಿನ್ ಎಂಬ ಬಿ ಜೀವಸತ್ವದ ಕೊರತೆಯಿಂದ, ಶೇಂಗಾದಲ್ಲಿ ಅದು ಧಾರಾಳ. ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸಿ ಮೊಸರು ಹಾಕಿಕೊಳ್ಳುವವನು ತನಗೆ ತಿಳಿಯದೆಯೇ ಲೆಕ್ಕ ಸರಿ ಮಾಡಿಕೊಳ್ಳುತ್ತಾನೆ. ‘ಜೋಳ ತಿಂದವನು ತೋಳ’ ಎಂಬ ಗಾದೆಯನ್ನು ಹಿಂಡಿ, ಮೊಸರು ಸೇರಿಸಿಯೇ ಓದಬೇಕು.

ಆ ಹಿಂಡಿಯ ಊರುಗಳನ್ನು ಕೇಳಿದರೆ ನಗು ಬರುತ್ತದೆ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರು ಕಾಲಿಡುವ ಮೊದಲು ನಮ್ಮ ನೆಲದಲ್ಲಿ ಬ್ಯಾಡಗಿಯೂ ಇಲ್ಲ, ಕೆಂಪು ಖಾರವೂ ಇಲ್ಲ. ಗುರೆಳ್ಳು ಇಥಿಯೋಪಿಯದ್ದು, ಅಂದರೆ ಜೋಳದ ನೆರೆಮನೆಯದು. ಜುಣಕದ (ಕಡಲೆಹಿಟ್ಟಿನ ಪಲ್ಯ) ಕಡಲೆ ತುರ್ಕಿಯ ಕಡೆಯದು. ತಾಟಿನಲ್ಲಿ ಈ ದೇಶದವೆಂದು ಎದೆ ತಟ್ಟಿ ಹೇಳಬಹುದಾದವು ಬದನೆಕಾಯಿ, ತೊಗರಿ, ಹೆಸರು. ಆದರೂ ಆ ತಾಟನ್ನು ಬೇರೆ ಯಾವ ಊರಿನದೆಂದು ಹೇಳುತ್ತೀರಿ?

ಈಗ ಜನಪ್ರಿಯತೆ. ಎರಡು ಬಗೆಯ ಜನಪ್ರಿಯತೆ ಇದೆ, ಅವು ಒಂದರ ಬೆನ್ನ ಮೇಲೆ ಒಂದು ಬರಲಿಲ್ಲ. ಒಂದು ಇಳಿದ ಮೇಲೆ ಇನ್ನೊಂದು ಏರಿತು.

ಮೊದಲನೆಯದು ಊರಿನೊಳಗಿನದು. ಬಿಸಿ ರೊಟ್ಟಿ ಮಡಚಬಹುದು, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿದ ಕಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಯುಗಾದಿಯ ಮುಂಚೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಶ್ರೀಶೈಲಕ್ಕೆ ನಡೆದು ಹೋಗುವವರ ಗಂಟಿನಲ್ಲಿ ಇರುವುದು ಅದೇ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ, ಅಂದರೆ ಭೂಮಿತಾಯಿಗೆ ಎಡೆ ಎರಚುವಾಗ, ಎಳ್ಳು ಹಚ್ಚಿದ ರೊಟ್ಟಿ. ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವ ದಿನ ಹಂಚು ಒಲೆಗೆ ಇಡುವಂತಿಲ್ಲ, ಆದ್ದರಿಂದ ಅದಕ್ಕೂ ಮೊದಲೇ ಬುಟ್ಟಿಗಟ್ಟಲೆ ಬಡಿದು ಓಣಿಯ ಮನೆಮನೆಗೆ ಹಂಚುವ ರೊಟ್ಟಿ ಹಬ್ಬ. ನಾನು ಹುಡುಗನಾಗಿದ್ದಾಗ ಆ ದಿನ ಸಂಜೆ ನಮ್ಮ ಬುಟ್ಟಿಯಲ್ಲಿ ನಮ್ಮ ಮನೆಯ ರೊಟ್ಟಿ ಒಂದೂ ಉಳಿಯುತ್ತಿರಲಿಲ್ಲ, ಎಲ್ಲ ಬೇರೆ ಮನೆಗಳವು. ಅವ್ವ ಒಂದೊಂದನ್ನೇ ಬೆಳಕಿಗೆ ಹಿಡಿದು ‘ಇದು ಯಾರ ಕೈ’ ಎಂದು ಹೇಳುತ್ತಿದ್ದಳು. ತಪ್ಪಿದ್ದು ನಾನು ನೋಡಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೇ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳು ಮುಳುಗಿದಾಗ ಬೇರೆ ಊರುಗಳಿಂದ ಗಾಡಿ ತುಂಬ ಬಂದದ್ದು ರೊಟ್ಟಿ, ಚಟ್ನಿಪುಡಿ. ತಾಟು ಬೇಡ, ಒಲೆ ಬೇಡ, ಶುದ್ಧ ನೀರಿಗೂ ಕಾಯಬೇಕಿಲ್ಲ. ಗಂಜಿ ಕೇಂದ್ರದಲ್ಲಿ ಅನ್ನ ಸಾರು ಸಿಕ್ಕರೂ ‘ರೊಟ್ಟಿ ಬಂತು’ ಎಂದಾಗ ಏಳುವ ಮುಖಗಳೇ ಬೇರೆ.

ಇಳಿದದ್ದೂ ಅದೇ ಊರುಗಳಲ್ಲಿ. 1972ರ ಬರದ ನಂತರ ಕೆಂಪು ಮೈಲೋ ಜೋಳ ಅಮೆರಿಕದಿಂದ ಬಂತು. ನಮ್ಮ ಮನೆಯಲ್ಲೂ ಅದರ ರೊಟ್ಟಿ ಆಯಿತು. ಇಟ್ಟಂಗಿಯ ಬಣ್ಣ, ಜಿಗಿ ಎಂಬುದಿಲ್ಲ, ಮೂರು ತುಂಡಾಗಿಯೇ ತಾಟಿಗೆ ಬರುತ್ತಿತ್ತು. ಆಮೇಲೆ ಕಾಲುವೆ ಬಂದ ಕಡೆ ಕಬ್ಬು ಬಂತು, ಆಲಮಟ್ಟಿಯ ಹಿನ್ನೀರಿನಲ್ಲಿ ಒಳ್ಳೆಯ ಎರೆಹೊಲಗಳೇ ಮುಳುಗಿದವು. ಪಡಿತರದಲ್ಲಿ ಅಕ್ಕಿ ಅಗ್ಗವಾಯಿತು, 2013ರಿಂದ ಇನ್ನೂ ಅಗ್ಗವಾಯಿತು. ಆದರೆ ನನ್ನನ್ನು ಕೇಳಿದರೆ ದೊಡ್ಡ ಕಾರಣ ಇವು ಯಾವುವೂ ಅಲ್ಲ. ಐದು ಜನರ ಮನೆಗೆ ದಿನಕ್ಕೆ ಇಪ್ಪತ್ತು ರೊಟ್ಟಿ. ಒಲೆಯ ಮುಂದೆ ಒಂದೂವರೆ ಗಂಟೆ ಕೂತು ಭುಜ ಸೋಲಿಸುವ ಕೆಲಸ. ಅದನ್ನು ನಮ್ಮ ಅವ್ವ ಅರವತ್ತು ವರ್ಷ ಮಾಡಿದಳು, ಒಂದು ದಿನವೂ ನಾವು ಗಂಡುಮಕ್ಕಳು ಮಾಡಲಿಲ್ಲ. ಕುಕ್ಕರಿನಲ್ಲಿ ಅನ್ನ ಇಪ್ಪತ್ತು ನಿಮಿಷ. ಸೊಸೆಯಂದಿರು ಅನ್ನ ಆರಿಸಿಕೊಂಡರೆ ಅದನ್ನು ಸಂಸ್ಕೃತಿಯ ಅವನತಿ ಎನ್ನುವ ಧೈರ್ಯ ನನಗಿಲ್ಲ.

ಎರಡನೆಯ ಜನಪ್ರಿಯತೆ ಹುಟ್ಟಿದ್ದು ಈ ಬಿರುಕಿನಲ್ಲಿ. ಬಸ್ ನಿಲ್ದಾಣ, ಎಪಿಎಂಸಿ, ಕಾಲೇಜುಗಳ ಸುತ್ತ ಮೊದಲಿನಿಂದ ಖಾನಾವಳಿಗಳಿದ್ದವು. ವಿದ್ಯಾರ್ಥಿಗೆ, ಸಂತೆಗೆ ಬಂದ ರೈತನಿಗೆ ಅಲ್ಲಿ ಊಟ. ಮನೆಯಲ್ಲಿ ರೊಟ್ಟಿ ಕಡಿಮೆಯಾದಷ್ಟೂ ಖಾನಾವಳಿಗೆ ಗಿರಾಕಿ ಹೆಚ್ಚಿದರು. ಬಡಿಯುವ ಕಲೆ ಇದ್ದ ಹೆಂಗಸರು, ಅದೇ ಕೈಗೆ ಕೂಲಿ ಸಿಗುತ್ತದೆಂದು ಕಂಡು, ಕಡಕ್ ರೊಟ್ಟಿ ಮಾಡಿ ಹತ್ತು ಇಪ್ಪತ್ತರ ಕಟ್ಟು ಕಟ್ಟಿ ಅಂಗಡಿಗಳಿಗೆ ಹಾಕತೊಡಗಿದರು. ಆಮೇಲೆ ಅವೇ ಕಟ್ಟುಗಳು ರಾತ್ರಿ ಬಸ್ಸುಗಳಲ್ಲಿ ಬೆಂಗಳೂರಿಗೆ, ಪುಣೆಗೆ ಹೊರಟವು. ಕೆಲಸ ಹುಡುಕಿ ನಿಮ್ಮಂತೆ ಊರು ಬಿಟ್ಟವರು ಮೊದಲ ಗಿರಾಕಿಗಳು. ಅವರ ಪಕ್ಕದ ಮೇಜಿನವರು ಎರಡನೆಯವರು. ಮೂರನೆಯವರನ್ನು ಕಳಿಸಿದ್ದು ವೈದ್ಯರು: ಸಕ್ಕರೆ ಕಾಯಿಲೆ, ಗ್ಲುಟೆನ್ ಎಂಬ ಹೊಸ ಭಯ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಹಂಚು ಮುಟ್ಟದವರೂ ಜೋಳದ ಗುಣಗಾನ ಮಾಡಿದರು. ಜೋಳದಲ್ಲಿ ನಾರು ಹೆಚ್ಚು, ನಿಧಾನ ಜೀರ್ಣವಾಗುತ್ತದೆ, ನಿಜ. ಹಾಗೆಂದು ಆರು ರೊಟ್ಟಿ ಹೊಡೆದರೆ ಸಕ್ಕರೆ ಏರದೆ ಇರುವುದಿಲ್ಲ.

ಹೊಲ ಕಡಿಮೆಯಾಗಿ ಗಿರಾಕಿ ಹೆಚ್ಚಿದ್ದರಿಂದ ಒಳ್ಳೆಯ ಬಿಳಿಜೋಳದ ದರ ಗೋಧಿಯನ್ನು ದಾಟಿದ ವರ್ಷಗಳೂ ಬಂದಿವೆ. ಅಜ್ಜಿಗೆ ಹೇಳಿದರೆ ನಂಬುತ್ತಿರಲಿಲ್ಲ.

ಈಗ ನಿಮ್ಮ ಹರಿದ ಅಂಚಿಗೆ ಬರೋಣ. ಬೆಂಗಳೂರಿನ ನೀರನ್ನು ಬೈಯಬೇಡಿ, ಅದರ ತಪ್ಪಲ್ಲ. ಊರಿಗೆ ಹೋದಾಗ ಹತ್ತು ಕಿಲೋ ಹಿಟ್ಟು ಬೀಸಿಸಿ ತಂದು ಎರಡು ಮೂರು ತಿಂಗಳು ಬಳಸುತ್ತೀರಿ ಎಂದು ನನ್ನ ಊಹೆ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆ ಇದೆ. ಗಿರಣಿಯಲ್ಲಿ ಒಡೆದ ಮೇಲೆ ಅದು ಗಾಳಿಗೆ ಕೆಡುತ್ತ ಹೋಗುತ್ತದೆ. ಮೊದಲು ಜಿಗಿ ಹೋಗುತ್ತದೆ, ಆಮೇಲೆ ಸಣ್ಣ ಕಹಿ ಬರುತ್ತದೆ. ಹದಿನೈದು ದಿನ ದಾಟಿದ ಹಿಟ್ಟನ್ನು ನಮ್ಮ ಕಡೆ ರೊಟ್ಟಿಗೆ ಹಿಡಿಯುವುದೇ ಇಲ್ಲ, ದೋಸೆಗೋ ಅಂಬಲಿಗೋ ಹಾಕುತ್ತಾರೆ. ಹಳೆಯ ಹಿಟ್ಟೇ ಗತಿಯಾದರೆ ಒಂದು ಹಿಡಿ ಹಿಟ್ಟನ್ನು ಕುದಿಯುವ ಎಸರಿಗೇ ಹಾಕಿ ಗಂಜಿ ಮಾಡಿ, ಆ ಗಂಜಿಯಲ್ಲಿ ಉಳಿದದ್ದನ್ನು ನಾದಿ. ಗೋಧಿ ಹಿಟ್ಟು ಬೆರೆಸಿದರೂ ಅಂಚು ನಿಲ್ಲುತ್ತದೆ, ಆದರೆ ಅದನ್ನು ಸೊಲ್ಲಾಪುರದವರ ಮುಂದೆ ಬಡಿಸಬೇಡಿ.

ಮುಂದಿನ ಸಲ ಮಾರ್ಚ್ ತಿಂಗಳಲ್ಲಿ, ಹೊಸ ಜೋಳದ ರಾಶಿಯಾದ ಮೇಲೆ ಊರಿಗೆ ಹೋಗಿ. ಹಿಟ್ಟು ತರಬೇಡಿ, ಕಾಳು ತನ್ನಿ. ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಡಬ್ಬಿಯಲ್ಲಿಟ್ಟರೆ ವರ್ಷ ತಡೆಯುತ್ತದೆ. ಎರಡು ಕಿಲೋದಷ್ಟನ್ನು ಆಗಾಗ ಬೀಸಿಸಿ. ಗೋಧಿ ಬೀಸಿದ ಬೆನ್ನಿಗೇ ನಿಮ್ಮದನ್ನು ಹಾಕಿದರೆ ಮೊದಲ ಅರ್ಧ ಕಿಲೋ ಬೆರಕೆ ಬರುತ್ತದೆ, ಅದನ್ನು ಬೇರೆ ಚೀಲಕ್ಕೆ ಹಿಡಿಯಲು ಗಿರಣಿಯವರಿಗೆ ಹೇಳಿ. ತೀರಾ ನುಣ್ಣಗೂ ಬೇಡ, ಬೆರಳಿನ ನಡುವೆ ತಿಕ್ಕಿದರೆ ಸಣ್ಣ ರವೆಯ ಸುಳಿವು ಸಿಗಬೇಕು. ಹಿಟ್ಟು ಕೈಗೆ ಬಿಸಿಯಾಗಿ ತಾಗುತ್ತಿರುವಾಗಲೇ ಮನೆಗೆ ಬಂದು, ಅಗಲವಾಗಿ ಹರವಿ ಆರಿಸಿ ಮುಚ್ಚಿಡಿ. ಮೊದಲ ನಾಲ್ಕು ರೊಟ್ಟಿ ಆಗಲೂ ಹರಿಯಬಹುದು. ಅದು ಹಿಟ್ಟಿನ ತಪ್ಪಲ್ಲ.